ಗೌರಿ ಹಬ್ಬದ ಮೂರು ಸಹಿ

ಬಾಗೂರಿನ ಸಿದ್ದಕ್ಕನ ಎಡಗಾಲನ್ನು ಪೋಲಿಯೊ ಚಿಕ್ಕಂದಿನಲ್ಲೇ ಕಸಿದುಕೊಂಡಿತ್ತು. ಗಂಡ ಬಿಟ್ಟುಹೋದ ಮೇಲೆ ಬಲಗಾಲೊಂದರಲ್ಲೇ ಹೊಲಿಗೆ ಮಿಷನ್ ತುಳಿದು ಇಬ್ಬರು ಮಕ್ಕಳನ್ನು ಸಾಕಿದವಳು. ಬಾಯಿ ಮಾತ್ರ ಜೋರು. ರವಿಕೆ ಬಿಗಿಯಾಯಿತೆಂದು ಯಾರಾದರೂ ತಕರಾರು ತಂದರೆ, ನೀನು ದಪ್ಪಗಾಗಿದ್ದೀಯ ಹೋಗು ಎಂದು ಮುಖಕ್ಕೇ ಹೇಳಿ ಕಳಿಸುತ್ತಿದ್ದಳು.

ಅಂಗವಿಕಲರ ಮಕ್ಕಳ ಓದಿಗೆಂದು ಸರ್ಕಾರ ವರ್ಷಕ್ಕೊಮ್ಮೆ ಕೊಡುವ ಸಹಾಯಧನ ಅವಳ ಇಬ್ಬರಿಗೂ ಬರುತ್ತಿತ್ತು. ಆದರೆ ಏಳನೇ ಕ್ಲಾಸಿನ ಚೇತನ್‌ಕುಮಾರನಿಗೆ ಪೂರ್ತಿ, ಹತ್ತನೇ ಕ್ಲಾಸಿನ ಅನುಸೂಯಳಿಗೆ ಅರ್ಧ. ಮೂರು ವರ್ಷದಿಂದ ಇದೇ ಕಥೆ. ಸರ್ಕಾರದ ಲೆಕ್ಕವೇ ಹಾಗಿರಬೇಕೆಂದು ಸಿದ್ದಕ್ಕ ವಿಚಾರಿಸಲು ಹೋಗಿರಲಿಲ್ಲ. ಉಳಿದರ್ಧವನ್ನು ಅಮ್ಮನೇ ತಮ್ಮನಿಗಾಗಿ ಎತ್ತಿಡುತ್ತಾಳೆಂದು ಹುಡುಗಿಯ ಗುಮಾನಿ. ಒಂದು ದಿನ ಊಟದ ತಟ್ಟೆ ಸರಿಸಿ ಕೇಳಿಯೇಬಿಟ್ಟಳು: "ನಾನು ನಿನ್ ಮಗಳಲ್ವೇನಮ್ಮ?"

ಮಾರನೆಯ ದಿನವೇ ಸಿದ್ದಕ್ಕ ಸಹಾಯಧನದ ಕಚೇರಿಗೆಂದು ಹೊಸದುರ್ಗದ ಬಸ್ಸು ಹತ್ತಿದಳು. ಉಟ್ಟಿದ್ದು ಹೋದ ಗೌರಿ ಹಬ್ಬಕ್ಕೆ ಅಣ್ಣ ತಿಮ್ಮೇಶ್ ಬಿ.ದುರ್ಗದಿಂದ ಬಾಗಿನದ ಜೊತೆ ತಂದ ಸೀರೆ. ಪಕ್ಕದ ಸೀಟಿನವಳು ಸೆರಗು ಮುಟ್ಟಿ ನೋಡಿದಾಗ, ನಮ್ಮಣ್ಣ ಒಂದು ವರ್ಷವೂ ತಪ್ಪಿಸಿಲ್ಲ ಎಂದು ಬೀಗಿದ್ದೇ ಬೀಗಿದ್ದು.

ಕಚೇರಿಯ ಮೇಡಂ ಫೈಲು ತೆಗೆದು ನೋಡಿದರು. ಮಗು ತಾಯಿಯ ಬಳಿ ಇಲ್ಲದೆ ನೆಂಟರ ಮನೆಯಲ್ಲಿ ಬೆಳೆಯುತ್ತಿದ್ದರೆ ಅರ್ಧ ಹಣ ಸಾಕುವವರ ಖಾತೆಗೆ ಹೋಗುತ್ತದಂತೆ. ಸಾಕುವವರು ಯಾರು? ತಿಮ್ಮೇಶ್, ಸೋದರಮಾವ. ಅನುಸೂಯ ಆ ಮನೆಯಲ್ಲಿದ್ದದ್ದು ಒಂದು ಬೇಸಿಗೆ ರಜೆಯಲ್ಲಿ ನಾಲ್ಕು ದಿನ! ಫೈಲಿನಲ್ಲಿ ವರ್ಷಕ್ಕೊಂದರಂತೆ ಮೂರು ಒಪ್ಪಿಗೆ ಪತ್ರಗಳಿದ್ದವು.

"ಇದು ನಿಮ್ದೇ ಸೈನ್ ಅಲ್ವೇನಮ್ಮ?" ಎಂದರು ಮೇಡಂ.

ಅವಳದೇ. ಪ್ರತಿ ಗೌರಿಗೂ ಅಣ್ಣ ಮೊರದ ಬಾಗಿನ ಕೊಟ್ಟು, ಕಾಲಿಗೆ ನಮಸ್ಕರಿಸಿದವಳ ತಲೆ ಸವರಿ, ಆಮೇಲೆ ಜೇಬಿನಿಂದ ಒಂದು ಕಾಗದ ತೆಗೆಯುತ್ತಿದ್ದ. ರೇಷನ್ ಕಾರ್ಡಿನದು ಎನ್ನುತ್ತಿದ್ದ, ಪಿಂಚಣಿಯದು ಎನ್ನುತ್ತಿದ್ದ. ತವರಿನ ಬಾಗಿನ ಕೈಯಲ್ಲಿರುವಾಗ ಇದೇನು ಕಾಗದ ಎಂದು ಯಾವ ಹೆಣ್ಣುಮಗಳು ಕೇಳುತ್ತಾಳೆ? ಬಟ್ಟೆಯಲ್ಲಿ ಕಾಲಿಂಚು ಬಿಟ್ಟುಕೊಡದವಳು ಓದದೆ ಸಹಿ ಹಾಕಿದ್ದಳು. ಥೂ, ಅವನ ಜನ್ಮಕ್ಕಿಷ್ಟು! ಹೊರಗಿನವನಾಗಿದ್ದರೆ ಬೈದು ಮರೆಯಬಹುದಿತ್ತು. ಮೈಮೇಲಿನ ಸೀರೆಯನ್ನು ಅಲ್ಲೇ ಕಿತ್ತೆಸೆಯಬೇಕೆನಿಸಿತು.

ಪತ್ರಗಳು ಸುಳ್ಳೆಂದು ಬರೆದುಕೊಟ್ಟರೆ ಮಗಳಿಗೆ ಪೂರ್ತಿ ಬರುತ್ತದೆ, ಹಳೆಯದನ್ನು ಅಣ್ಣನಿಂದ ವಸೂಲು ಮಾಡುತ್ತೇವೆ ಎಂದರು ಮೇಡಂ. ಬರೆದರೆ ತವರು ಅಲ್ಲಿಗೆ ಮುಗಿಯಿತು. ಆದರೂ ಸಿದ್ದಕ್ಕ ಪೆನ್ನು ತೆಗೆದುಕೊಂಡಳು. ಬರೆದಳು, ಎರಡು ಸಲ ಓದಿ ಸಹಿ ಹಾಕಿದಳು. ತವರಿನ ಮಾನ ಹೋದೀತೆಂದು ಮಗಳಿಗೆ ಮಾತ್ರ ಹೇಳಲಾಗಲಿಲ್ಲ.

ಈ ಗೌರಿಗೂ ತಿಮ್ಮೇಶ್ ಬಂದ. ನೋಟಿಸು ಮುಟ್ಟಿತ್ತು, ಆದರೂ ಮೊರ ಹೊತ್ತು ಬಂದ. ಮೊರದ ಮೇಲೆ ಹೊಸ ಸೀರೆ. ಸ್ವಂತ ತಂಗಿಯೇ ಕಚೇರಿ ಮೆಟ್ಟಿಲು ಹತ್ತಬಹುದೇ ಎಂದು ಕಣ್ಣೊರೆಸಿಕೊಂಡ. ಕೊನೆಗೆ ಕೈ ಜೇಬಿಗೇ ಹೋಯಿತು, ಅದರಿಂದ ಕಾಗದವೇ ಬಂತು.

"ಒಂದ್ ಸೈನ್ ಹಾಕು ಸಿದ್ದಿ. ಎಲ್ಲಾ ಸರಿಹೋಗ್ತೈತೆ."

ಸಿದ್ದಕ್ಕ ಒಳಗಿನಿಂದ ಹಳೆಯ ಮೂರು ಸೀರೆಗಳನ್ನು ತಂದು ಮೊರದ ಮೇಲಿಟ್ಟಳು.

"ಅರಿಶಿನ ಕುಂಕುಮ ತಗಂತೀನಿ ಅಣ್ಣಯ್ಯ. ಸೀರೆ ನೀನು ಕೊಟ್ಟಿದ್ದಲ್ಲ, ನನ್ ಮಗಳ ದುಡ್ಡು ಕೊಟ್ಟಿದ್ದು."

ಕಾಗದವನ್ನು ಬಾಗಿಲಲ್ಲಿ ನಿಂತಿದ್ದ ಅನುಸೂಯಳ ಕೈಗಿತ್ತು, ಏನೈತೆ ಗಟ್ಟಿಯಾಗಿ ಓದು ಅಂದಳು.

ಹುಡುಗಿ ಓದಿದಳು: "ನನ್ನ ಮಗಳು ಅನುಸೂಯ ಮೂರು ವರ್ಷಗಳಿಂದ ನನ್ನ ಬಳಿ ಇರುವುದಿಲ್ಲ."

ಮುಂದಕ್ಕೆ ಓದಲಿಲ್ಲ. ಮಾವನ ಮುಖ ನೋಡಿದಳು, ಮೊರದ ಮೇಲಿನ ಸೀರೆಗಳನ್ನು ನೋಡಿದಳು. ಕಾಗದವನ್ನು ಅವನ ಕೈಗೆ ವಾಪಸು ಕೊಟ್ಟು, ಅಮ್ಮನ ಪಕ್ಕ ಬಂದು ನಿಂತಳು.