ಒಲೆ ಇಲ್ಲದ ಊರು ಬೇಕಾಗಿದೆ

"ಈ ದೀಪಾವಳಿ ಸೂಟಿಗೆ ಒಂದ ವಾರ ಸಮುದ್ರದ ಕಡೆ ಹೋಗೂಣೇನ?"

ಹೀಗೆಂದವರು ಬೇರೆ ಯಾರೂ ಅಲ್ಲ, ನಮ್ಮ ಯಜಮಾನರು. ನನ್ನ ಕೈಯಲ್ಲಿದ್ದ ಜೋಳದ ಹಿಟ್ಟಿನ ಉಂಡೆ ಅಲ್ಲೇ ಉಳಿಯಿತು. ಸಂತೋಷವಾಯಿತೇ ಎಂದು ಕೇಳಬೇಡಿ. ಮೊದಲು ಬಂದದ್ದು ಸಂಶಯ.

ಬರದೆ ಏನು ಮಾಡೀತು? ಸವಣೂರಿನ ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಈ ಮನುಷ್ಯ ಮದುವೆಯಾದಾಗಿನಿಂದ ನನ್ನನ್ನು ಅತಿ ದೂರ ಕರೆದುಕೊಂಡು ಹೋದದ್ದು ಹುಬ್ಬಳ್ಳಿಗೆ. (ಅದೂ ಹಲ್ಲು ಕೀಳಿಸಲಿಕ್ಕೆ.) ಅಂಥವರಿಗೆ ಇದ್ದಕ್ಕಿದ್ದಂತೆ ಸಮುದ್ರ ಯಾಕೆ ಬೇಕಾಯಿತು?

ವಿಚಾರಣೆ ಮಾಡಿದೆ. ಡ್ರಾಯಿಂಗ್ ಮಾಸ್ತರರು ಕಾರವಾರಕ್ಕೆ ಹೋಗಿ ಬಂದು ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಫೋಟೋ ತೋರಿಸಿದ್ದರಂತೆ. ಸರಿ, ರೋಗದ ಮೂಲ ಸಿಕ್ಕಿತು. ಆದರೂ ನನಗೆ ಪೂರ್ತಿ ಸಮಾಧಾನವಾಗಲಿಲ್ಲ.

ಓಣಿಗೆ ಬೇರೆಯದೇ ಸಂಶಯ. "ಸಮುದ್ರಕ್ಕ? ಯಾರರೆ ತೀರಿಕೊಂಡ್ರೇನವಾ?" ಎಂದು ಪಕ್ಕದ ಮನೆಯ ಗಂಗಕ್ಕ ದನಿ ತಗ್ಗಿಸಿ ಕೇಳಿದಳು. ನಮ್ಮ ಕಡೆಯವರಿಗೆ ಸಮುದ್ರವೆಂದರೆ ಗೋಕರ್ಣ, ಗೋಕರ್ಣವೆಂದರೆ ಯಾರದೋ ಕರ್ಮ ಮುಗಿಸಿ ಬರುವುದು. "ಯಾರೂ ಇಲ್ಲವಾ, ಸುಮ್ಮನ ನೋಡಾಕ" ಎಂದೆ. "ನೀರ ನೋಡಾಕ ಒಂದ ವಾರ ಬೇಕೇನು?" ಎಂದು ಅವಳು ನನ್ನ ಮುಖವನ್ನೇ ನೋಡಿದಳು.

ಯಜಮಾನರು ಶಾಲೆಯಿಂದ ಕರ್ನಾಟಕದ ನಕಾಶೆ ತಂದು ಗೋಡೆಗೆ ತೂಗುಹಾಕಿದರು. ಕೈಯಲ್ಲಿ ಫೂಟ್‌ಪಟ್ಟಿ. ಶುರುವಾಯಿತು ನೋಡಿ ಊರು ಆರಿಸುವ ಕಾರ್ಯಕ್ರಮ.

"ಗೋವಾ" ಎಂದೆ.

"ಅಲ್ಲಿ ನೀರಡಿಸಿದ್ರ ಏನ ಕುಡೀತಾರ ಗೊತ್ತೈತೇನ?" ಎಂದು ನನ್ನನ್ನೇ ಅನುಮಾನದಿಂದ ನೋಡಿದರು. ಗೋವಾ ರದ್ದು. ಗಂಗಕ್ಕನ ದೆಸೆಯಿಂದ ಗೋಕರ್ಣವೂ ರದ್ದು. ಅವರು ಜೋಗ ಎಂದರು. "ಒಂದ ತಾಸಿನಾಗ ನೋಡಿ ಮುಗೀತೈತಿ. ಉಳಿದ ದಿನ ಏನ ಮಾಡೂದ್ರಿ?" ಎಂದೆ ನಾನು.

"ಹಂಗಾರ ದಾಂಡೇಲಿ ಬೆಸ್ಟ್. ಕಾಡು, ಹೊಳಿ, ಗೆಸ್ಟ್ ಹೌಸ್. ಒಲಿ, ಭಾಂಡೆ ಎಲ್ಲಾ ಅವರ ಕೊಡ್ತಾರಂತ. ಅದು ಬ್ಯಾಡಂದ್ರ ಕಾರವಾರದಾಗ ಒಂದ ಖೋಲಿ ಐತಿ. ಅಲ್ಲಿ ಸ್ಟೋವ್ ಸೈತ ಐತಂತ."

ಕೇಳಿದಿರಾ? ಯಾವ ಊರಿನಲ್ಲಿ ಏನು ನೋಡಬೇಕು ಎಂದು ಈ ಮನುಷ್ಯನಿಗೆ ಗೊತ್ತಿಲ್ಲ. ಯಾವ ಊರಿನಲ್ಲಿ ಒಲೆ ಇದೆ ಎಂಬುದು ಮಾತ್ರ ಪಕ್ಕಾ ಗೊತ್ತು! ಹಾಗಾದರೆ ಈ ಸೂಟಿ ಯಾರಿಗೆ? ಸವಣೂರಿನಲ್ಲಿ ಬಡಿಯುವ ರೊಟ್ಟಿಯನ್ನು ಅಲೆಗಳ ಸಪ್ಪಳ ಕೇಳುತ್ತ ಬಡಿಯುವುದಕ್ಕೆ ನಾನು ಘಟ್ಟ ಇಳಿಯಬೇಕೇ?

ನನ್ನ ಆಸೆ ದೊಡ್ಡದೇನಲ್ಲ. ಒಂದು ವಾರ ನಾನು ರೊಟ್ಟಿ ಬಡಿಯಬಾರದು. ಯಾರಾದರೂ ಬಡಿಸಬೇಕು, ನಾನು ಕೂತು ಉಣ್ಣಬೇಕು. ಅಷ್ಟೇ.

ನಾನು ಎದ್ದು ನಕಾಶೆಯಲ್ಲಿ ಕುಮಟಾದ ಮೇಲೆ ಬೆರಳಿಟ್ಟೆ. ನನ್ನ ಸೋದರಮಾವ ಅಲ್ಲಿ ಅಂಚೆ ಕಚೇರಿಯಲ್ಲಿದ್ದಾಗ ಚಿಕ್ಕಂದಿನಲ್ಲಿ ಬೇಸಿಗೆಗೆ ಹೋಗುತ್ತಿದ್ದೆ. ಊರ ಹೊರಗೆ ಸಮುದ್ರದ ದಂಡೆಗೇ ಪದ್ದಮ್ಮ ಎಂಬವರ ಮನೆ. ಒಂದು ಖೋಲಿ ಬಾಡಿಗೆಗೆ ಕೊಡುತ್ತಾರೆ. ಶಾಕಾಹಾರದ ಊಟವೂ ಅವರದೇ.

"ಊಟ ಅಂದ್ರ?"

"ಅನ್ನ."

"ಮತ್ತ?"

"ಅನ್ನಾನ."

ನಮ್ಮ ಯಜಮಾನರ ಪ್ರಕಾರ ಅನ್ನವೆಂದರೆ ಜ್ವರ ಬಂದವರು ತಿನ್ನುವುದು. ತುಸು ಯೋಚಿಸಿ ತೀರ್ಪು ಕೊಟ್ಟರು: "ವಾರಕ್ಕಾಗೂವಷ್ಟು ಕಟಕ ರೊಟ್ಟಿ ಕಟಗೊಂಡ ಹೋಗೂಣು. ತಿಂಗಳಗಟ್ಟಲೆ ಇಟ್ರೂ ಕೆಡಂಗಿಲ್ಲ."

ಇನ್ನೇನು, ಓಣಿಯ ಹೆಂಗಸರೆಲ್ಲ ರೊಟ್ಟಿ ಬಡಿಯುವ ತಮ್ಮ ತಮ್ಮ ಕೊಮ್ಮಣಿಗೆ ಹಿಡಿದು ಬಂದರು. ಯಾರೇ ಊರಿಗೆ ಹೊರಡಲಿ, ಕೂಡಿ ರೊಟ್ಟಿ ಬಡಿದು ಕಳಿಸುವುದು ನಮ್ಮಲ್ಲಿ ಪದ್ಧತಿ. ಬಡಿದೆವು, ಬೇಯಿಸಿದೆವು, ಗರಿಗರಿಯಾಗುವವರೆಗೆ ಒಣಗಿಸಿದೆವು. ನನ್ನ ರಟ್ಟೆಗಳು ಸೋತುಹೋದವು. "ಒಂದ ವಾರ ಆರಾಮ ಇರಾಕ ಇಷ್ಟ ದುಡೀಬೇಕೇನವಾ?" ಎಂದಳು ಗಂಗಕ್ಕ. ನಾನು ಇನ್ನೊಂದು ಉಂಡೆ ಎತ್ತಿಕೊಂಡೆ.

ಹಾನಗಲ್ಲು, ಶಿರಸಿ, ಆಮೇಲೆ ಘಟ್ಟ. ದಾರಿಯುದ್ದಕ್ಕೂ ರೊಟ್ಟಿಯ ಗಂಟು ಯಜಮಾನರ ತೊಡೆಯ ಮೇಲೆ. (ಬಸ್ಸಿನ ಟಪ್ಪಿನ ಮೇಲೆ ಅವರಿಗೆ ನಂಬಿಕೆಯಿಲ್ಲ.) ಸಮುದ್ರ ಕಂಡಾಗಲೂ ಅವರ ಮುಖ ಸಡಿಲವಾಗಲಿಲ್ಲ. "ಕ್ಯಾಲೆಂಡರಿನಾಗ ನೀಲಿ ಇತ್ತಲ್ಲ? ಇದು ಹೊಲಸ ಬೂದಿ ಬಣ್ಣ ಐತಿ" ಎಂದರು.

ಮರುದಿನ ಬೆಳಿಗ್ಗೆ ಗಂಟು ಬಿಚ್ಚಿದರು. ಒಂದು ರೊಟ್ಟಿ ಎತ್ತಿದರು. ಅದು ಒದ್ದೆ ಟವೆಲ್ಲಿನಂತೆ ಎರಡೂ ಕಡೆ ಜೋತುಬಿತ್ತು. ಮುರಿದರು, ಕಟಕ್ ಎನ್ನಲಿಲ್ಲ. ಕೆಂಡದ ಮೇಲೆ ಕಾಯಿಸಿ ನೋಡಿದರೆ ಚಪ್ಪಲಿಯ ಚರ್ಮವಾಯಿತು.

"ಉಪ್ಪುಗಾಳಿ ಅಲ್ವಾ ಮಾಸ್ತರ್ರೇ, ಇಲ್ಲಿ ಹಪ್ಪಳವೇ ನಿಲ್ಲೂದಿಲ್ಲ" ಎಂದು ಪದ್ದಮ್ಮ ನಕ್ಕರು. ನಕ್ಕು ಸುಮ್ಮನಿರಬಾರದೇ? "ಬೇಕಾದ್ರೆ ನಮ್ಮ ಒಲೆಯಲ್ಲೇ ಬಿಸಿ ರೊಟ್ಟಿ ಮಾಡ್ಕೊಳ್ಳಿ" ಎಂದುಬಿಟ್ಟರು.

ಯಜಮಾನರ ಮುಖ ಅರಳಿತು. ಅವರು ಕೈಚೀಲ ಹಿಡಿದು ಜೋಳದ ಹಿಟ್ಟು ತರಲು ಪೇಟೆಗೆ ಹೊರಟೇಬಿಟ್ಟರು. ನಾನು ಮೆಟ್ಟಿಲ ಮೇಲೆ ಕೂತು ಎದುರಿನ ಸಮುದ್ರವನ್ನು ನೋಡಲಿಲ್ಲ, ದಾರಿಯನ್ನೇ ನೋಡಿದೆ. ದೇವರೇ, ಈ ಊರಿನಲ್ಲಿ ಜೋಳ ಸಿಗದಿರಲಿ. ಇಂಥ ಪ್ರಾರ್ಥನೆಯನ್ನು ಸವಣೂರಿನ ಹೆಂಗಸು ಹಿಂದೆಂದಾದರೂ ಮಾಡಿದ್ದಾಳೆಯೇ?

ಮಧ್ಯಾಹ್ನ ಬಂದರು. ಚೀಲ ಖಾಲಿ. "ಈ ಊರಾಗ ಜೋಳಾನ ಇಲ್ಲ. ಇವರು ಹೆಂಗ ಬದುಕ್ಯಾರ?"

ಪದ್ದಮ್ಮ ಅಕ್ಕಪಕ್ಕ ಎರಡು ಬಾಳೆ ಎಲೆ ಹಾಕಿ "ಇಬ್ಬರೂ ಕೂತ್ಕೊಳ್ಳಿ" ಎಂದರು. ಮದುವೆಯ ದಿನ ಬಿಟ್ಟರೆ ನಾನು ಇವರ ಪಕ್ಕ ಕೂತು ಉಂಡ ನೆನಪಿಲ್ಲ. ಬಿಸಿ ಬಿಸಿ ಕೆಂಪನ್ನ, ತಂಬುಳಿ. ಎದ್ದು ಯಾರಿಗೂ ಏನೂ ಬಡಿಸಬೇಕಾಗಿಲ್ಲ. ನನಗೆ ಕಣ್ಣು ತುಂಬಿ ಬಂತು. ಯಜಮಾನರು ತಂಬುಳಿಯನ್ನು ಮೂಸಿ ನೋಡಿದರು, ಬೆರಳ ತುದಿಯಿಂದ ನೆಕ್ಕಿದರು. ಆಮೇಲೆ ಮೆಲ್ಲಗೆ "ಇನ್ನೊಂದೀಟ ಹಾಕ್ರಿ" ಎಂದರು.

ವಾರವಿಡೀ ನಾನು ಮರಳಿನಲ್ಲಿ ಕೂತಿದ್ದೆ. ಏನು ನೋಡಿದೆ ಎಂದು ಕೇಳಿದರೆ ಗಂಗಕ್ಕನಿಗೆ ಹೇಳುವಂಥದ್ದೇನೂ ಇಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಯಜಮಾನರು ಶಿರಸಿಯವರೆಗೆ ಬೆರಳು ಮಡಚುತ್ತ ಬಿಚ್ಚುತ್ತ ಕೂತಿದ್ದರು. ಲೆಕ್ಕ ತಾಳೆಯಾಗದಾಗ ಇವರು ಹೀಗೇ.

"ನಿಮ್ಮ ಸೋದರಮಾವ ಕುಮಟಾದಾಗ ಇದ್ರಲ್ಲ?"

"ಹೌದ್ರಿ."

"ಅವರ ಮನ್ಯಾಗ ಹಪ್ಪಳ ಮೆತ್ತಗ ಆಗ್ತಿದ್ವೇನ?"

"ನಾ ಸಣ್ಣಾಕಿ ಇದ್ನಿ. ನನಗೇನ ನೆನಪಿರತೈತ್ರಿ?" ಎಂದು ಕಿಟಕಿಯ ಆಚೆ ನೋಡತೊಡಗಿದೆ. (ಎಲ್ಲ ಗೊತ್ತಿದ್ದೂ ರಟ್ಟೆ ಸೋಲುವಷ್ಟು ರೊಟ್ಟಿ ಬಡಿಯುವ ಹೆಂಗಸು ಎಲ್ಲಾದರೂ ಇದ್ದಾಳೆಯೇ? ನೀವೇ ಹೇಳಿ.)

ನಿನ್ನೆ ಸಂಜೆ ನಕಾಶೆ ಮತ್ತೆ ಗೋಡೆಗೆ ಬಂದಿದೆ. ಫೂಟ್‌ಪಟ್ಟಿ ಸಮುದ್ರದ ಕಡೆ ಹಾಯಲೇ ಇಲ್ಲ. ಸೀದಾ ಮೇಲೆ ಹೋಗಿ ನಿಂತಿತು.

"ಬ್ಯಾಸಗಿ ಸೂಟಿಗೆ ವಿಜಾಪುರಕ್ಕ ಹೋಗೂಣು. ಅಲ್ಲಿ ಹವಾ ಭಾಳ ಒಣಾ ಇರತೈತಂತ."