ಮಧ್ಯಾಹ್ನ ಎರಡು ಗಂಟೆಯ ರುಜುಗಳು

ಆ ಗುರುವಾರ ಬೆಳಿಗ್ಗೆ ಕೊಟ್ಟಿಗೆಯ ಸಗಣಿ ಬಾಚಿದೆ. ಅತ್ತೆಯ ಮಂಡಿಗೆ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದೆ. ರಾಗಿ ಹಸನು ಮಾಡಿ ಮಿಲ್ಲಿಗೆ ಕಳಿಸಿದೆ. ಯಜಮಾನರು ಗದ್ದೆಗೆ ಹೊರಡುವ ಮೊದಲು ಉಪ್ಪಿಟ್ಟು ಕೆದಕಿಕೊಟ್ಟೆ. ಆಮೇಲೆ ಲೈಬ್ರರಿಯ ಬೀಗ ತೆಗೆದು ಕಸ ಗುಡಿಸಿ, ಬೀರುವಿನ ಧೂಳು ಒರೆಸಿ, ಬಂದಿದ್ದ ಒಂದೇ ಒಂದು ಪೇಪರನ್ನು ಮಡಿಕೆ ಬಿಡಿಸಿಟ್ಟೆ. ಓದುಗರು ರುಜು ಹಾಕುವ ಪುಸ್ತಕವನ್ನು ಮೇಜಿನ ನಡುವೆ ಇಟ್ಟು, ಬೇಡವೆನಿಸಿ ಖಾನೆಯೊಳಗೆ ಇಟ್ಟು, ಮತ್ತೆ ತೆಗೆದು ಮೇಜಿನ ಮೇಲೇ ಇಟ್ಟೆ. ಹನ್ನೊಂದಕ್ಕೆ ಮದ್ದೂರಿನಿಂದ ಸಾಹೇಬರು ಬರುವವರಿದ್ದರು. ಅವರನ್ನು ಕರೆಸಿಕೊಂಡವಳು ನಾನೇ.

ಮದ್ದೂರು–ಮಳವಳ್ಳಿ ರಸ್ತೆಯಿಂದ ಎರಡು ಮೈಲಿ ಒಳಗಿರುವ ನಮ್ಮೂರಿನ ಪಂಚಾಯ್ತಿ ಲೈಬ್ರರಿಯನ್ನು ನಾನು ನೋಡಿಕೊಳ್ಳುತ್ತಾ ಬಂದು ಬಹಳ ವರ್ಷವಾಯಿತು. ಮೊದಲು ನಾಲ್ಕು ಪೇಪರು, ಎರಡು ವಾರಪತ್ರಿಕೆ ಬರುತ್ತಿದ್ದವು. ಅನುದಾನ ಕಡಿಮೆಯಾಗಿದೆ ಅಂತ ಹೇಳಿ ಒಂದೊಂದೇ ನಿಲ್ಲಿಸಿದರು. ಹೊಸ ಪುಸ್ತಕ ಅನ್ನುವುದು ಯಾವತ್ತೋ ನಿಂತಿತ್ತು. ಕೊನೆಗೆ, ಓದುವವರು ಇಲ್ಲದ ಕಡೆ ಲೈಬ್ರರಿಯನ್ನು ಪಕ್ಕದ ಊರಿನದಕ್ಕೆ ಸೇರಿಸುತ್ತಾರೆ, ರುಜು ಪುಸ್ತಕ ನೋಡಿ ತೀರ್ಮಾನ ಮಾಡುತ್ತಾರೆ ಎಂಬ ಮಾತು ಬಂತು.

ಮಾತು ಬಂದ ಮೇಲೆ ಊರಿನವರು ಒಳ್ಳೆಯವರಾದರು. ನನಗೆ ಅನುಮಾನ ಶುರುವಾದದ್ದು ಅಲ್ಲಿಂದಲೇ. ಪಕ್ಕದ ಟೀ ಅಂಗಡಿಯವನು ತನ್ನ ಪೇಪರನ್ನು, ಬೋಂಡದ ಎಣ್ಣೆ ಕಲೆ ಸಮೇತ, ಹತ್ತು ಗಂಟೆಗೆ ತಂದುಕೊಡತೊಡಗಿದ. ಕೃಷಿ ಸಂಶೋಧನೆಯ ವಿ.ಸಿ. ಫಾರಂನಲ್ಲಿ ಕೆಲಸಕ್ಕಿರುವ ಒಬ್ಬರು ಅಲ್ಲಿಂದ ಹಳೆಯ ಬೇಸಾಯದ ಪತ್ರಿಕೆಗಳ ಒಂದು ಕಟ್ಟು ಹೊತ್ತು ತಂದರು. ಡೇರಿ ಸೆಕ್ರೆಟರಿ ಎರಡು ಪ್ಲಾಸ್ಟಿಕ್ ಕುರ್ಚಿ ಕಳಿಸಿದ. ಕುರ್ಚಿಯ ಹಿಂದೆಯೇ ತಾನೂ ಬಂದು ಗೋಡೆಯಿಂದ ಗೋಡೆಗೆ ಹೆಜ್ಜೆ ಹಾಕಿ ನೋಡಿದ.

"ಏನಪ್ಪ, ರೂಮು ಅಳೀತಿದ್ದೀಯ?" ಅಂದೆ.

"ಸುಮ್ನೆ ಕಣತ್ಗೆ. ಬೂಸಾ ಮೂಟೆ ಇಡಕ್ಕೆ ಜಾಗವಿಲ್ಲ ನಮಗೆ. ಇದು ಓಗದಾದ್ರೆ ಬ್ಯಾರೆಯೋರು ಯಾಕೆ ಅಮರ್ಕೋಬೇಕು, ಹೇಳು."

ಹೋಗುವುದಾದರೆ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು.

ಅದೇ ವಾರ ರುಜು ಪುಸ್ತಕದಲ್ಲಿ ಹಿಂದೆಂದೂ ಕಾಣದ ಹೆಸರುಗಳು ಕಾಣಿಸತೊಡಗಿದವು. ನಾನು ಒಂದೂವರೆಗೆ ಬಾಗಿಲು ಹಾಕಿ, ಕೀಲಿಯನ್ನು ಟೀ ಅಂಗಡಿಯಲ್ಲಿ ಕೊಟ್ಟು ಊಟಕ್ಕೆ ಹೋಗುವುದು, ಮೂರಕ್ಕೆ ಬರುವುದು ರೂಢಿ. ಬಂದು ನೋಡಿದರೆ ಎರಡು ಗಂಟೆ ಎಂದು ಬರೆದು ಆರೇಳು ರುಜು. ಎಲ್ಲವೂ ಗಂಡಸರ ಹೆಸರು. ಅಕ್ಷರ ಸೊಟ್ಟ, ಪೆನ್ನು ಒಂದೇ. ಅದರಲ್ಲಿ ಇಬ್ಬರು ಸೋಮನಹಳ್ಳಿಯ ಕಾರ್ಖಾನೆಗೆ ಹೋಗುವವರು. ಬೆಳಿಗ್ಗೆ ಏಳಕ್ಕೆ ವ್ಯಾನು ಹತ್ತಿದರೆ ಸಂಜೆಯೇ ಇಳಿಯುವುದು. ಇನ್ನೊಂದು ಹೆಸರು ನೋಡಿ ನಾನು ಕನ್ನಡಕ ಒರೆಸಿಕೊಂಡೆ. ಆತ ತೀರಿಕೊಂಡು ಎರಡು ವರ್ಷವಾಗಿತ್ತು. ಮಂಗಳವಾರ, ಬುಧವಾರ, ಗುರುವಾರ, ತಪ್ಪದೆ ಬಂದು ಪೇಪರು ಓದಿ ಹೋಗಿದ್ದ.

ಟೀ ಅಂಗಡಿಯವನನ್ನು ಕೇಳಿದೆ. "ನಾನ್ಯಾರ್ನೂ ನೋಡ್ನಿಲ್ಲ ಕಣಕ್ಕ" ಅಂದವನು ಹಾಲಿನ ಪಾತ್ರೆಯಿಂದ ಕಣ್ಣೆತ್ತಲಿಲ್ಲ. ಇವನೂ ಸೇರಿದ್ದಾನೆ ಅಂದುಕೊಂಡೆ. ಲೆಕ್ಕ ಸರಿಯಾಗಿ ಕೂತಿತು: ಸುಳ್ಳು ರುಜು ಹಾಕಿಸುವುದು, ತಾವೇ ದೂರು ಕೊಡುವುದು, ನಾನು ಕಳ್ಳಿ ಅನ್ನಿಸಿಕೊಳ್ಳುವುದು, ಲೈಬ್ರರಿಯೊಳಗೆ ಬೂಸಾ ಬರುವುದು. ಯಜಮಾನರಿಗೆ ಹೇಳಿದರೆ, "ನಿಂಗೆ ಎಲ್ಲದ್ರಲ್ಲೂ ಹುಳ ಕಾಣ್ತದೆ, ಬುಡು" ಅಂದರು. ನಾನು ಬಿಡಲಿಲ್ಲ. ಅವರು ದೂರು ಕೊಡುವ ಮೊದಲು ನಾನೇ ಕೊಡಬೇಕೆಂದು ಸೋಮವಾರ ತಾಲ್ಲೂಕು ಕಚೇರಿಗೆ ಫೋನು ಮಾಡಿ, ಯಾರೋ ಸುಳ್ಳು ರುಜು ಹಾಕುತ್ತಿದ್ದಾರೆ ಸಾರ್ ಅಂದೆ. ಗುರುವಾರ ಬಂದು ನೋಡುತ್ತೇನೆ, ಪುಸ್ತಕ ತಿದ್ದಬೇಡಿ ಅಂದರು ಸಾಹೇಬರು.

ಕೈಯಾರೆ ಹಿಡಿಯೋಣ ಎಂದು ಬುಧವಾರ ಊಟಕ್ಕೆ ಹೋದವಳು ಅರ್ಧ ತಾಸಿಗೇ ವಾಪಸು ಬಂದೆ. ಬಾಗಿಲ ಮುಂದೆ ಏಳು ಜೊತೆ ಚಪ್ಪಲಿ. ಒಂದೂ ಗಂಡಸರದಲ್ಲ, ಎಲ್ಲದಕ್ಕೂ ಗದ್ದೆಯ ಕೆಸರು. ಒಳಗೆ ಕಬ್ಬಿನ ಕಳೆ ಕೀಳಲು ಹೋಗುವ ಹೆಂಗಸರು ನೆಲದ ಮೇಲೆ ಕೂತಿದ್ದರು. ತೀರಿಕೊಂಡಾತನ ಹೆಂಡತಿ, ಅರವತ್ತು ದಾಟಿದವಳು, ಎಣ್ಣೆ ಕಲೆಯ ಪೇಪರಿನ ಮೇಲೆ ಬೆರಳಿಟ್ಟು ನಾಲೆಗೆ ಸರದಿಯ ಮೇಲೆ ಕಟ್ಟು ನೀರು ಬಿಡುವ ಸುದ್ದಿಯನ್ನು ಅಕ್ಷರ ಅಕ್ಷರವಾಗಿ ಜೋರಾಗಿ ಓದುತ್ತಿದ್ದಳು. ನನ್ನನ್ನು ನೋಡಿ ನಿಲ್ಲಿಸಿದಳು.

"ಪುಸ್ತಕದಲ್ಲಿ ನಿಮ್ಮ ಗಂಡನ ಹೆಸರು ಯಾರು ಬರೆದಿದ್ದು?"

"ನಾನೇ ಕಣವ್ವ. ಇನ್ಯಾರ್ ಬರೀತಾರೆ?"

"ಅವರು ಇಲ್ಲವಲ್ಲ."

"ಅವನಿಲ್ದಿದ್ರೂ ಡೇರಿ ಪುಸ್ತಕದಾಗವನಲ್ಲ. ದಿನಾ ಎರಡೊತ್ತು ಹಾಲು ಉಯ್ಯೋಳು ನಾನು, ಹೆಸರು ಅವನ್ದು. ಮನೆ ಹೆಸ್ರು ಆಕ್ಬೇಕು ಅಂತ ಇದ್ರಾಗೂ ಆಕ್ದೆ."

ಉಳಿದ ಆರು ಜನರದ್ದೂ ಅದೇ ಕಥೆ. ಹಾಲು ಹಾಕುವವಳು ಹೆಂಡತಿ, ಮೆಂಬರು ಗಂಡ. ಅವರು ಕಂಡಿದ್ದ ರುಜು ಪುಸ್ತಕ ಡೇರಿಯದೊಂದೇ. ಲೈಬ್ರರಿ ಮುಚ್ಚುತ್ತಾರಂತೆ, ರುಜು ಬೇಕಂತೆ ಎಂದು ಕೇಳಿ ದಿನವೂ ತಪ್ಪದೆ ಗಂಡನ ಹೆಸರು ಹಾಕಿದ್ದರು.

"ನಾನಿದ್ದಾಗ ಬರೋಕೆ ಏನಾಗಿತ್ತು?" ಅಂದೆ.

ಕಾರ್ಖಾನೆಯವನ ಹೆಂಡತಿ ನಕ್ಕಳು. "ಬೆಳಿಗ್ಗೆ ಟೀ ಅಂಗ್ಡಿ ಜಗಲಿ ತುಂಬ ಗಂಡುಸ್ರು. ನೀನಿದ್ರೆ ಏನು ಬೇಕು, ಕೈ ತೊಳ್ದಿದೀಯ, ಯಾವ ಪುಸ್ತಕ ಅಂತೀಯ ಕಣಕ್ಕ. ಪೋಲೀಸ್ನೋರು ಕೇಳ್ದಂಗೆ. ಅದ್ಕೇ ಅಂಗಡಿಯವನ್ಗೆ ಹೇಳ್ಬ್ಯಾಡ ಅಂದಿದ್ವಿ."

ನಾನು ಮೇಜಿಗೆ ಒರಗಿಕೊಂಡು ಕೂತೆ. ಓದುವವರಿಲ್ಲ ಎಂದು ಮುಚ್ಚಬೇಕಿದ್ದ ಲೈಬ್ರರಿಗೆ ಓದುವವರು ಬಂದಿದ್ದರು. ಅವರ ರುಜು ಸುಳ್ಳು ಎಂದು ಹೇಳಿದವಳು ನಾನು. ನಾಳೆ ಸಾಹೇಬರು ಸತ್ತವನ ಹೆಸರು ನೋಡಿದರೆ ಅಲ್ಲಿಗೆ ಮುಗಿಯಿತು. ನಡೆದದ್ದನ್ನು ಅವರಿಗೆ ಹೇಳಿದೆ. ಯಾರೂ ಬಯ್ಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು. ಮುದುಕಿ ಮಾತ್ರ, "ಅದ್ಯಾವೊತ್ತಿಗೆ ಬತ್ತಾನೆ ಅವ್ನು?" ಅಂದಳು.

ಗುರುವಾರ ಸಾಹೇಬರು ಹನ್ನೊಂದೂಕಾಲಿಗೆ ಬಂದರು. ಏಳೂ ಜನ ಅರ್ಧ ದಿನದ ಕೂಲಿ ಬಿಟ್ಟು ಬಂದು ಕೂತಿದ್ದರು. ಸಾಹೇಬರಿಗೆ ಅದೇ ಅನುಮಾನಕ್ಕೆ ಕಾರಣವಾಯಿತು. "ಇವರನ್ನು ಇವತ್ತು ಕರೆಸಿದ್ದೀರಾ ಮೇಡಂ?" ಅಂದರು. ನಾನು ಹೇಳಿದ್ದನ್ನೆಲ್ಲ ಕೇಳುತ್ತಾ ಕೇಳುತ್ತಾ ಹಾಳೆ ತಿರುವಿದರು. ನಂಬಿದರೋ ಇಲ್ಲವೋ ಮುಖದಲ್ಲಿ ಗೊತ್ತಾಗಲಿಲ್ಲ. ಒಂದು ಬಿಳಿ ಹಾಳೆ ಮುದುಕಿಯ ಮುಂದೆ ಇಟ್ಟು, "ಪುಸ್ತಕದಲ್ಲಿ ಹಾಕಿದ ಹಾಗೆ ಹಾಕಿ" ಅಂದರು.

ಅವಳು ಗಂಡನ ಹೆಸರನ್ನು ಸರಾಗವಾಗಿ ಬರೆದಳು. ಅದೇ ಸೊಟ್ಟ, ಅದೇ ಕೊನೆಯ ಕೊಂಬು.

"ಈಗ ನಿಮ್ಮ ಹೆಸರು ಬರೀರಿ."

ಪೆನ್ನು ಹಾಳೆಯ ಮೇಲೆ ನಿಂತಿತು. ತನ್ನ ಹೆಸರು ಬರೆದು ಅವಳಿಗೆ ರೂಢಿಯಿರಲಿಲ್ಲ. ಎರಡನೆಯ ಅಕ್ಷರ ತಪ್ಪಿ, ಅದನ್ನು ಹೊಡೆದು, ಮತ್ತೆ ಬರೆದಳು. ನಾನು ಬಾಯಿಬಿಡಲಿಕ್ಕೆ ಹೋದಾಗ ಸಾಹೇಬರು ಕೈ ಅಡ್ಡ ಹಿಡಿದರು. ಬರೆದಾದ ಮೇಲೆ ಟೀ ಅಂಗಡಿಯ ಪೇಪರು ಕೊಟ್ಟು ಓದಿಸಿದರು. ಅವಳು ನಾಲ್ಕು ಸಾಲು ಓದಿ, "ಇನ್ನೂ ಓದ್ಲಾ ಸ್ವಾಮಿ? ಕಳೆ ಅಂಗೇ ಅದೆ" ಅಂದಳು.

ಸಾಹೇಬರು ರುಜು ಪುಸ್ತಕದ ಕೊನೆಯಲ್ಲಿ ಬರೆದರು: ಓದುಗರು ಇದ್ದಾರೆ, ಗ್ರಂಥಾಲಯ ಇಲ್ಲೇ ಮುಂದುವರಿಯಬಹುದು, ಮೇಲ್ವಿಚಾರಕಿ ಹಾಜರಾತಿ ಪುಸ್ತಕವನ್ನು ಸರಿಯಾಗಿ ನೋಡಿಕೊಂಡಿಲ್ಲ, ವಿವರಣೆ ಕೊಡಬೇಕು. ನನ್ನ ಸೇವೆಯಲ್ಲಿ ಅಂಥ ಮಾತು ಅದೇ ಮೊದಲು. ಕೆಳಗೆ ಮರುಮಾತಿಲ್ಲದೆ ರುಜು ಹಾಕಿದೆ. ನಿಂತ ಪೇಪರುಗಳ ವಿಷಯ ಕೇಳಿದ್ದಕ್ಕೆ, ಮೇಲಿನವರಿಗೆ ಬರೆಯುತ್ತೇನೆ ಅಂದರು. ಬರೆದರೋ ಇಲ್ಲವೋ ಗೊತ್ತಿಲ್ಲ. ಇವತ್ತಿಗೂ ಬರುವುದು ಒಂದೇ.

ಸಂಜೆ ಡೇರಿ ಸೆಕ್ರೆಟರಿ ಸಿಕ್ಕಿದ. "ಉಳೀತಂತಲ್ಲ ಅತ್ಗೆ, ಒಳ್ಳೇದಾಯ್ತು ಬುಡು" ಅಂದ. ನಗುತ್ತಿದ್ದ. ರುಜು ಅವನದಲ್ಲ ಎಂದು ತಿಳಿದ ಮೇಲೂ ಆ ನಗು ನನಗೆ ಹಿಡಿಸಲಿಲ್ಲ. ಈಗ ಒಂದೂವರೆಗೆ ನಾನು ಬೀಗ ಹಾಕುವುದಿಲ್ಲ. ಹೆಂಗಸರು ಬರುವ ಹೊತ್ತಿಗೆ ಬಾಗಿಲು ತೆಗೆದೇ ಇಟ್ಟು, ಏನೂ ಕೇಳದೆ ಊಟಕ್ಕೆ ಹೋಗುತ್ತೇನೆ.

ಅವತ್ತು ರಾತ್ರಿ ಮುದ್ದೆ, ಹುರುಳಿಕಾಳಿನ ಬಸ್ಸಾರು, ಅತ್ತೆಗೆ ಮೆತ್ತಗಿನ ಅನ್ನ ಮಜ್ಜಿಗೆ. ನಾನು ಅರ್ಧ ಮುದ್ದೆ ಉಳಿಸಿದೆ. ವಿವರಣೆಯ ಕಾಗದಕ್ಕೆ ಏನು ಬರೆಯಲಿ ಎಂದು ಯಜಮಾನರನ್ನು ಕೇಳಿದೆ. ಅವರು ಆಗಲೇ ಮಲಗಿಬಿಟ್ಟಿದ್ದರು.