ಮೂಗಮ್ಮನ ಮೂಗು ಹೋದ ಮೇಲೆ

ಹಾಸ್ಟೆಲ್ಲಿನ ಅಡುಗೆಯಾಕೆಗೆ ಮೂಗಮ್ಮ ಎಂದು ಹೆಸರಿಟ್ಟವರು ಅಲ್ಲಿ ಉಣ್ಣುವ ಹುಡುಗಿಯರೇ. ಹಾಲು ಒಡೆಯುವ ಮುಂಚೆಯೇ ಆಕೆಯ ಮೂಗಿಗೆ ಗೊತ್ತಾಗಿಬಿಡುತ್ತಿತ್ತು. ಕಮಟು ಎಣ್ಣೆ ತಂದ ಅಂಗಡಿಯವನನ್ನು ಬಾಗಿಲಲ್ಲೇ ಅಟ್ಟುತ್ತಿದ್ದಳು. ಆಕೆಯ ಕೈಯಡುಗೆ ಉಂಡು ಯಾರೂ ಹೊಟ್ಟೆ ಹಿಡಿದುಕೊಂಡದ್ದಿಲ್ಲ. ಅದರ ಜಂಬ ಆಕೆಗಿತ್ತು, ಇರಬೇಕಾದ್ದೇ.

ಆಮೇಲೊಂದು ಜ್ವರ ಬಂತು. ಬಿಟ್ಟು ಹೋಗುವಾಗ ವಾಸನೆಯನ್ನೂ ಕಟ್ಟಿಕೊಂಡು ಹೋಯಿತು. ಮೂಗಿಗೆ ಮಲ್ಲಿಗೆಯೂ ಅಷ್ಟೆ, ಚರಂಡಿಯೂ ಅಷ್ಟೆ. ಕೆಲಸ ಹೋದೀತೆಂಬ ಭಯಕ್ಕೆ ಯಾರ ಮುಂದೆಯೂ ಬಾಯಿ ಬಿಡಲಿಲ್ಲ. ಸೌಟನ್ನು ಮೂಗಿನ ಹತ್ತಿರ ಹಿಡಿದು ತಲೆಯಾಡಿಸುವ ನಾಟಕ ಮಾತ್ರ ನಡೆದೇ ಇತ್ತು.

ಒಂದು ದಿನ ಬೆಳಗಿನಿಂದ ಕರೆಂಟಿರಲಿಲ್ಲ. ಫ್ರಿಜ್ಜಿನಲ್ಲಿ ಹಿಂದಿನ ರಾತ್ರಿಯ ಕೋಳಿ ಸಾರು, ದೊಡ್ಡ ಪಾತ್ರೆಯ ತುಂಬ. ಮಧ್ಯಾಹ್ನ, ಜೊತೆಗೆ ಕೆಲಸ ಮಾಡುವ ನಾದಿನಿ ಅದರ ಮುಚ್ಚಳ ತೆಗೆದು, "ಅತ್ತಿಗೆ, ನೋಡಿ ಹೇಳಿ" ಎಂದಳು. ಮೂಗಮ್ಮ ಬಗ್ಗಿ, ಅಭ್ಯಾಸಬಲದಿಂದ ತಲೆಯಾಡಿಸಿದಳು. ನಾದಿನಿ ಎರಡನೇ ಮಾತಾಡದೆ ಪಾತ್ರೆಯನ್ನು ಒಲೆಗೇರಿಸಿದಳು. ಆ ನಂಬಿಕೆ ಕಂಡು ಮೂಗಮ್ಮ ಅವಳ ಕೈ ಹಿಡಿದಳು.

"ಇಳಿಸು. ಚೆಲ್ಲಿಬಿಡು."

"ಯಾಕೆ, ಹಳಸಿದೆಯಾ?"

"ಗೊತ್ತಿಲ್ಲ ಕಣೇ. ಅದಕ್ಕೇ ಚೆಲ್ಲು ಅಂದಿದ್ದು."

ನಾದಿನಿ ತಾನೇ ಮೂಸಿದಳು. "ಚೆನ್ನಾಗೇ ಇದೆಯಲ್ಲ ಅತ್ತಿಗೆ! ಚೆನ್ನಾಗಿ ಕುದಿಸಿದ್ರೆ ಆಯ್ತು."

"ಕೆಟ್ಟಿದ್ದೆಲ್ಲ ವಾಸನೆ ಬರಲ್ಲ. ಬೆಳಗಿಂದ ಸೆಕೆಯಲ್ಲಿ ಕೂತಿದೆ. ಕುದಿಸಿದ್ರೂ ಬೇಡ."

ಗಲಾಟೆ ಕೇಳಿ ಮ್ಯಾನೇಜರ್ ಬಂದರು. "ಹುಡುಗಿಯರು ತಟ್ಟೆ ಹಿಡ್ಕೊಂಡು ಕೂತಿದ್ದಾರೆ, ಏನಮ್ಮ ಇದು?"

"ಸರ್, ನನಗೆ ವಾಸನೆ ತಿಳಿಯಲ್ಲ. ಜ್ವರ ಬಂದಾಗಿಂದ. ಮುಚ್ಚಿಟ್ಟಿದ್ದು ನನ್ನ ತಪ್ಪು."

"ಮೂಗು ಹೋದ ಅಡುಗೆಯವರನ್ನ ಇಟ್ಕೊಂಡು ನಾನೇನು ಮಾಡ್ಲಿ?"

"ಅನುಮಾನ ಬಂದ್ರೆ ಚೆಲ್ಲೋ ಅಡುಗೆಯವರು ಎಲ್ಲಿ ಸಿಗ್ತಾರೆ ಸರ್?" ನಾದಿನಿ ನಡುವೆ ಬಾಯಿ ಹಾಕಿದಳು. ಅವಳ ದನಿಯಲ್ಲಿ ಹೆಮ್ಮೆ ಉಕ್ಕುತ್ತಿತ್ತು.

ಮ್ಯಾನೇಜರ್ ಊಟದ ಕೋಣೆಯ ಕಡೆ ನೋಡಿದರು. ಕಾಯುತ್ತಿದ್ದವರಲ್ಲಿ ಅವರ ಮಗಳೂ ಇದ್ದಳು. "ಮೊಟ್ಟೆ ಇದೆಯಲ್ಲ, ಬೇಯಿಸಿ. ನಾಳೆಯೂ ಬೇಗ ಬನ್ನಿ" ಎಂದವರೇ ಪಾತ್ರೆಯ ಒಂದು ಕಿವಿ ಹಿಡಿದರು. ಇನ್ನೊಂದನ್ನು ಮೂಗಮ್ಮ ಹಿಡಿದಳು. ಸಾರೆಲ್ಲ ಹಿತ್ತಲ ಕಸದ ಗುಂಡಿಗೆ ಹೋಯಿತು.

ಅವತ್ತು ಊಟ ತಡವಾಯಿತು. ಯಾಕೆ ತಡವೆಂದು ಊಟದ ಕೋಣೆಯ ಬಾಗಿಲಲ್ಲಿ ನಿಂತು ಆಕೆಯೇ ಹೇಳಿದಳು, ಮೂಗಿನ ಕಥೆ ಸಮೇತ, ಒಂದನ್ನೂ ಬಿಡದೆ. ತಲೆ ಮಾತ್ರ ತಗ್ಗಿಸಲಿಲ್ಲ.